ದೊಡ್ಡ ನಂಬರಿನ ಪ್ಲಗ್ ಒಳ್ಳೆಯದೇ?

ಪ್ರಶ್ನೆ: ಸ್ಪಾರ್ಕ್ ಪ್ಲಗ್ ಮೇಲೆ 5, 6, 7 ಎಂಬ ಅಂಕಿಗಳಿರುತ್ತವೆ. ದೊಡ್ಡದನ್ನು ಹಾಕಿಸಿದರೆ ಕಾರು ಇನ್ನೂ ಚೆನ್ನಾಗಿ ಓಡುತ್ತದೆಯೇ?

ಉತ್ತರ: ಇಲ್ಲ. ಅದು ಶಕ್ತಿಯ ಅಳತೆಯಲ್ಲ. ಪ್ಲಗ್ಗಿನ ತುದಿ ತನ್ನ ಬಿಸಿಯನ್ನು ಎಷ್ಟು ಬೇಗ ಸಿಲಿಂಡರ್ ಹೆಡ್‌ಗೆ ದಾಟಿಸುತ್ತದೆ ಎಂಬುದರ ಗುರುತು. ಎನ್‌ಜಿಕೆ ಪ್ಲಗ್ಗಿನಲ್ಲಿ ಅಂಕಿ ಏರಿದಷ್ಟೂ ಪ್ಲಗ್ ತಂಪು. ಬಾಷ್‌ನಲ್ಲಿ ಲೆಕ್ಕ ತಿರುಗುಮುರುಗು. ಒಂದು ಕಂಪನಿಯ ಅಂಕಿ ಹಿಡಿದು ಇನ್ನೊಂದರದ್ದನ್ನು ಕೊಳ್ಳಬೇಡಿ.

ತುದಿ ಸುಮಾರು 450 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದಕ್ಕಂಟಿದ ಮಸಿ ತಾನೇ ಸುಟ್ಟುಹೋಗುತ್ತದೆ. ಪ್ಲಗ್ ಅತಿ ತಂಪಿನದಾದರೆ ಮಸಿ ಕಟ್ಟಿ ಕಿಡಿ ಸೋರುತ್ತದೆ. ಅತಿ ಬಿಸಿಯದಾದರೆ, ತುದಿ 850 ಡಿಗ್ರಿಯ ಆಸುಪಾಸು ತಲುಪಿ, ಕಿಡಿ ಹಾರುವ ಮೊದಲೇ ಪೆಟ್ರೋಲ್ ಹೊತ್ತಿಕೊಳ್ಳಬಹುದು, ಪಿಸ್ಟನ್ನೇ ತೂತಾದೀತು. ಆದ್ದರಿಂದ ಕಾರಿನ ಕೈಪಿಡಿಯಲ್ಲಿರುವ ನಂಬರೇ ಇರಲಿ.

ಹಳೆಯ ಪ್ಲಗ್ ಎಸೆಯುವ ಮುನ್ನ ತುದಿಯನ್ನೊಮ್ಮೆ ನೋಡಿ, ಎಂಜಿನ್ನಿನ ಆರೋಗ್ಯ ಅಲ್ಲೇ ಬರೆದಿರುತ್ತದೆ. ತಿಳಿ ಕಂದು ಬಣ್ಣವಿದ್ದರೆ ಎಲ್ಲ ಸರಿ. ಎಣ್ಣೆ ಪಸೆಯಿದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿರಬಹುದು. ಬರೀ ಪ್ಲಗ್ ಬದಲಿಸಿ ಪ್ರಯೋಜನವಿಲ್ಲ.

ಬದಲಿಸುವಾಗ ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಹೊಸ ಪ್ಲಗ್ಗನ್ನು ಮೊದಲು ಕೈಯಲ್ಲೇ ತಿರುಗಿಸಿ ಕೂರಿಸಿ. ಅಲ್ಯುಮಿನಿಯಂ ಹೆಡ್‌ನ ಥ್ರೆಡ್ ಹಾಳಾದರೆ ಖರ್ಚು ಪ್ಲಗ್ಗಿನದಲ್ಲ, ಹೆಡ್ಡಿನದು.