ಎದೆಯುರಿಗೆ ದಿನವೂ ಗ್ಯಾಸ್ ಮಾತ್ರೆ ನುಂಗುತ್ತಿದ್ದೀರಾ?

ಬೊರಿವಲಿಯಿಂದ ಚರ್ಚ್‌ಗೇಟ್‌ವರೆಗೆ ಲೋಕಲ್‌ನಲ್ಲಿ ಹೋಗಿ ಬರುವವರಿಗೆ ರಾತ್ರಿ ಊಟ ತಡವಾಗುವುದು ಸಾಮಾನ್ಯ. ಉಂಡ ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಅನ್ನನಾಳಕ್ಕೆ ಮೇಲೇರಿ ಎದೆ ಉರಿಯುತ್ತದೆ. ಮೆಡಿಕಲ್‌ನಲ್ಲಿ ‘ಆಸಿಡಿಟಿ ಗೋಲಿ’ ಎಂದು ಕೇಳಿದರೆ ಒಂದು ಸ್ಟ್ರಿಪ್ ಕೈಗೆ ಬರುತ್ತದೆ. ಅದು ಯಾವ ಬಗೆಯದು ಎಂದು ಓದಿ ನೋಡಿ.

ಡೈಜೀನ್, ಜೆಲುಸಿಲ್, ಈನೊ ಇವು ಆಂಟಾಸಿಡ್‌ಗಳು. ಇರುವ ಆಮ್ಲವನ್ನು ಕೆಲವೇ ನಿಮಿಷಗಳಲ್ಲಿ ತಣಿಸುತ್ತವೆ, ಪರಿಣಾಮ ಹೆಚ್ಚು ಹೊತ್ತು ನಿಲ್ಲದು. ಅಪರೂಪಕ್ಕೊಮ್ಮೆ ಉರಿ ಬಂದರೆ ಇವು ಸಾಕು. ಈನೊದಲ್ಲಿ ಸೋಡಿಯಂ ಹೆಚ್ಚು. ಹಾಗಾಗಿ ಬಿಪಿ, ಹೃದಯ ಅಥವಾ ಕಿಡ್ನಿ ತೊಂದರೆ ಇರುವವರಿಗೆ ಅದು ತಕ್ಕದ್ದಲ್ಲ. ಥೈರಾಯ್ಡ್ ಮಾತ್ರೆ ನುಂಗುವವರು ಆಂಟಾಸಿಡ್‌ಗೆ 4 ಗಂಟೆ ಅಂತರ ಬಿಡಬೇಕು.

ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್, ರಾಬೆಪ್ರಜೋಲ್ ಬೇರೆಯೇ ಬಗೆಯವು. ಇವು ಆಮ್ಲ ಉತ್ಪತ್ತಿಯನ್ನೇ ತಗ್ಗಿಸುತ್ತವೆ. ಕೇಳಿದ ತಕ್ಷಣ ಕೊಡುವ ಅಂಗಡಿಗಳಿದ್ದರೂ ಭಾರತದಲ್ಲಿ ಇವು ವೈದ್ಯರ ಚೀಟಿಯ ಮೇಲೆ ಮಾರಬೇಕಾದ ಔಷಧಿಗಳು. ಉರಿ ಬಂದ ಮೇಲೆ ನುಂಗಿದರೆ ತಕ್ಷಣ ಪ್ರಯೋಜನವಿಲ್ಲ. ಬೆಳಗಿನ ತಿಂಡಿಗೆ ಅರ್ಧ ಗಂಟೆ ಮೊದಲು ತೆಗೆದುಕೊಳ್ಳಬೇಕು, ಪೂರ್ಣ ಪರಿಣಾಮಕ್ಕೆ 1ರಿಂದ 4 ದಿನ ಹಿಡಿಯುತ್ತದೆ. ಚಹಾ ಜೊತೆ ನುಂಗಿ ‘ಕೆಲಸ ಮಾಡಲಿಲ್ಲ’ ಎಂದು ಎರಡನೆಯದನ್ನು ನುಂಗುವವರೇ ಹೆಚ್ಚು!

ಚೀಟಿಯಿಲ್ಲದೆ ಇವನ್ನು ಮಾರುವ ಅಮೆರಿಕದಲ್ಲೂ ಲೇಬಲ್‌ನ ಮಿತಿ 14 ದಿನ. ವೈದ್ಯರ ಸಲಹೆಯಿಲ್ಲದೆ 4 ತಿಂಗಳೊಳಗೆ ಮತ್ತೆ ಶುರು ಮಾಡಬಾರದು. ವರ್ಷಗಟ್ಟಲೆ ನುಂಗಿದರೆ ಬಿ12 ಮತ್ತು ಮೆಗ್ನೀಸಿಯಂ ಕಡಿಮೆಯಾಗಬಹುದು, ಮೂಳೆ ಮುರಿಯುವ ಅಪಾಯವೂ ಹೆಚ್ಚಬಹುದು. ಹಲವು ತಿಂಗಳು ನುಂಗಿ ಒಮ್ಮೆಲೇ ನಿಲ್ಲಿಸಿದರೆ ಕೆಲವರಿಗೆ ಉರಿ ಇನ್ನೂ ಜೋರಾಗಿ ಮರಳುತ್ತದೆ. ಅದಕ್ಕೆ ಹೆದರಿ ಮತ್ತೆ ಸ್ಟ್ರಿಪ್ ತರಬೇಡಿ, ನಿಧಾನವಾಗಿ ಬಿಡುವ ಕ್ರಮವನ್ನು ವೈದ್ಯರಲ್ಲಿ ಕೇಳಿ. ಅವರೇ ದೀರ್ಘಕಾಲಕ್ಕೆ ಬರೆದಿದ್ದರೆ ನೀವಾಗಿ ನಿಲ್ಲಿಸಬೇಡಿ.

ಸ್ಟೆಂಟ್ ಹಾಕಿಸಿಕೊಂಡು ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರಿಗೆ ಒಮೆಪ್ರಜೋಲ್ ಸಲ್ಲದು, ಅದು ಆ ಔಷಧಿಯ ಬಲ ಕುಗ್ಗಿಸುತ್ತದೆ. ಮಾತ್ರೆಯ ಹೆಸರಿನ ಕೊನೆಗೆ ‘ಡಿ’ ಅಥವಾ ‘ಡಿಎಸ್‌ಆರ್’ ಎಂದಿದ್ದರೆ ಸಾಮಾನ್ಯವಾಗಿ ಅದರಲ್ಲಿ ಡೊಂಪೆರಿಡೋನ್ ಸೇರಿರುತ್ತದೆ. ಅದು ಕೆಲವರ ಹೃದಯ ಬಡಿತವನ್ನು ಏರುಪೇರು ಮಾಡಬಲ್ಲದು. ವಯಸ್ಸಾದ ಅಪ್ಪ ಅಮ್ಮನಿಗೆ ನಿಮ್ಮ ಸ್ಟ್ರಿಪ್‌ನಿಂದ ಒಂದು ಮುರಿದು ಕೊಡುವ ಅಭ್ಯಾಸ ಬೇಡ.

ಊಟಕ್ಕೂ ನಿದ್ದೆಗೂ 2ರಿಂದ 3 ಗಂಟೆ ಅಂತರವಿರಲಿ. ಮನೆ ಮುಟ್ಟುವುದೇ ತಡವಾದರೆ ಸಂಜೆ ಆಫೀಸಿನಲ್ಲೇ ಡಬ್ಬಿಯಿಂದ ಸ್ವಲ್ಪ ಉಂಡು, ರಾತ್ರಿ ಹಗುರವಾಗಿ ಮುಗಿಸಿ. ಮಂಚದ ತಲೆಯ ಭಾಗದ ಕಾಲುಗಳಿಗೆ ಇಟ್ಟಿಗೆ ಇಟ್ಟು ಎತ್ತರಿಸಬಹುದು.

ನುಂಗುವಾಗ ಅನ್ನ ಸಿಕ್ಕಿಕೊಳ್ಳುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ ಅಥವಾ ಕಪ್ಪು ಮಲ ಕಂಡರೆ ಮಾತ್ರೆಯನ್ನು ನಂಬಿ ಕೂರಬೇಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ. ಎದೆ ಬಿಗಿತದ ಜೊತೆ ಬೆವರು, ಉಸಿರುಕಟ್ಟು, ಎಡಗೈ ಅಥವಾ ದವಡೆಯ ನೋವು ಬಂದರೆ ‘ಗ್ಯಾಸ್ ಇರಬೇಕು’ ಎಂದು ಈನೊ ಕಲಸುತ್ತಾ ಕೂರದೆ 108ಕ್ಕೆ ಕರೆ ಮಾಡಿ.