ಸಣ್ಣ ತೊಟ್ಟಿಗೆ ಯಾವ ಸಿಕ್ಲಿಡ್ ಆದೀತು?

ಸುಳ್ಯ, ಪುತ್ತೂರು, ಕಡಬ ಕಡೆಯ ಎಷ್ಟೋ ಮನೆಗಳ ಅಟ್ಟದಲ್ಲಿ ಖಾಲಿ ಗಾಜಿನ ತೊಟ್ಟಿ ಉಂಟು. ಮಕ್ಕಳು ಸಣ್ಣವರಿದ್ದಾಗ ತಂದದ್ದು, ಮತ್ತೆ ಬಿಟ್ಟದ್ದು. ನಮ್ಮಲ್ಲೂ ಹಾಗೆಯೇ. ನಮ್ಮದು ಖುಷ್ಕಿ ಜಾಗ, ಗೇರು ಮತ್ತು ಸ್ವಲ್ಪ ಕಾಳುಮೆಣಸು. ಏಪ್ರಿಲಿನಲ್ಲಿ ಸುರಂಗದ ನೀರು ಬೆರಳಿನಷ್ಟು ದಪ್ಪಕ್ಕೆ ಇಳಿಯುತ್ತದೆ. ಕುಡಿಯಲಿಕ್ಕೇ ಲೆಕ್ಕ ಹಾಕುವಾಗ ಮೀನಿಗೆ ಎಲ್ಲಿಂದ? ಈಗ ಮಳೆಗಾಲದ ಮಾಡಿನ ನೀರು ಹಿಡಿದಿಡುವ ಟ್ಯಾಂಕಿ ಆಗಿದೆ. ಹಾಗಾಗಿ ತೊಟ್ಟಿ ಪುನಃ ಕೆಳಗೆ ಬಂತು. ಈ ಸಲ ಸಿಕ್ಲಿಡ್ ಸಾಕುವ ಅಂತ ನಿಶ್ಚಯಿಸಿದೆ.

ಸಿಕ್ಲಿಡ್ ಒಂದು ಮೀನಿನ ಹೆಸರಲ್ಲ, ದೊಡ್ಡ ಕುಟುಂಬ. 1952ರಲ್ಲಿ ಭಾರತಕ್ಕೆ ತಂದು ಕೆರೆಗಳಿಗೆಲ್ಲ ಹಬ್ಬಿದ ತಿಲಾಪಿಯ, ಕೇರಳದವರು 2010ರಲ್ಲಿ ರಾಜ್ಯಮೀನು ಮಾಡಿದ ಕರಿಮೀನು, ಅಂಗಡಿಯ ಏಂಜಲ್, ಆಸ್ಕರ್ ಎಲ್ಲ ಇದೇ ಕುಟುಂಬದವು. ಮೊಟ್ಟೆ, ಮರಿಗಳನ್ನು ಕಾಯುವುದು ಇವುಗಳ ವಿಶೇಷ. ನೋಡುವವರಿಗೆ ಅದೇ ಖುಷಿ. ಆದರೆ ಕಾಯುವ ಮೀನು ಜಗಳವನ್ನೂ ಆಡುತ್ತದೆ. ಸಣ್ಣ ತೊಟ್ಟಿಯಲ್ಲಿ ಓಡಿ ತಪ್ಪಿಸಿಕೊಳ್ಳಲು ಜಾಗ ಇಲ್ಲ.

ತೊಟ್ಟಿಯ ಅಳತೆ, ನೀರಿನ ಗುಣ

ನನ್ನ ತೊಟ್ಟಿ 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರ. ತುಂಬಿದರೆ ಸುಮಾರು 56 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ 45 ಲೀಟರ್ ಉಳಿದೀತು. ಆಸ್ಕರ್ ಒಂದಡಿ ಬೆಳೆಯುತ್ತದೆ, ಅದಕ್ಕಿದು ಸಾಲದು. ಫ್ಲವರ್‌ಹಾರ್ನಿಗೂ ಸಾಲದು. ಏಂಜಲ್ ಮೀನಿಗೆ ಉದ್ದಕ್ಕಿಂತ ಎತ್ತರ ಬೇಕು.

ಮುರಕಲ್ಲಿನ ಜಾಗದ ಸುರಂಗದ ನೀರು ಮೆದು, ಸುಣ್ಣದ ಅಂಶ ಕಮ್ಮಿ. ಆಫ್ರಿಕದ ಮಲಾವಿ ಸರೋವರದ ನೀಲಿ, ಹಳದಿ ಸಿಕ್ಲಿಡ್‌ಗಳು ಚಂದವೇ. ಆದರೆ ಅವುಗಳಿಗೆ ಗಡಸು ನೀರು ಬೇಕು. ನೀರನ್ನೇ ಬದಲಿಸಲಿಕ್ಕೆ ಹೋಗುವುದಕ್ಕಿಂತ ನೀರಿಗೆ ಒಗ್ಗುವ ಮೀನು ತರುವುದು ಸುಲಭ. ಗದ್ದೆಯ ಬೆಳೆಯನ್ನು ಗುಡ್ಡದಲ್ಲಿ ಹಾಕುತ್ತೇವೆಯೇ?

ಹಾಗೆ ನೋಡಿದರೆ ಉಳಿಯುವುದು ಎರಡು ಮೂರು. ದಕ್ಷಿಣ ಅಮೆರಿಕದ ಒರಿನೊಕೊ ನದಿಯ ಕಡೆಯ ರಾಮ್, ಎರಡು ಇಂಚಿನ ಮೀನು. ಮೆದು ನೀರು ಆಗುತ್ತದೆ, ಆದರೆ ನೀರು ಸ್ವಲ್ಪ ಕೊಳಕಾದರೂ ತಡೆಯುವುದಿಲ್ಲ. ಪಶ್ಚಿಮ ಆಫ್ರಿಕದ ಕ್ರಿಬೆನ್ಸಿಸ್ ಗಟ್ಟಿ ಜಾತಿ. ನಮ್ಮ ಕರಾವಳಿಯ ಆರೆಂಜ್ ಕ್ರೋಮೈಡ್ ಮೂರು ಇಂಚಿನದ್ದು, ಸಾಧು ಸ್ವಭಾವ. ಆದರೆ ಅದು ಹೆಚ್ಚಾಗಿ ಹಿನ್ನೀರಿನದ್ದು. ಸಿಹಿನೀರಲ್ಲಿ ಬದುಕಿದರೂ ತೀರ ಮೆದು ನೀರು ಅದಕ್ಕೆ ಹಿತವಲ್ಲ. ನಾನು ತಂದದ್ದು ಒಂದು ಜೋಡಿ ಕ್ರಿಬೆನ್ಸಿಸ್. ಅರ್ಧ ಗೆರಟೆ ಕವುಚಿ ಹಾಕಿ ಬಾಗಿಲಿನಷ್ಟು ತೂತು ಮಾಡಿ ಕೊಟ್ಟೆ. ಅದರೊಳಗೇ ಮೊಟ್ಟೆ ಇಟ್ಟವು. ಹೆಣ್ಣಿನ ಹೊಟ್ಟೆ ಆಗ ಕೆಂಪು ಕೆಂಪು. ತಾಯಿ ಮುಂದೆ, ಮರಿಗಳು ಹಿಂದೆ, ಕೋಳಿ ಸಂಸಾರದ ಹಾಗೆಯೇ.

ಗಮನಿಸಬೇಕಾದ್ದು

ತೊಟ್ಟಿ ತುಂಬಿಸಿದ ದಿನವೇ ಮೀನುಗಳನ್ನು ರಾಶಿ ಹಾಕಬಾರದು. ಮೀನಿನ ಹೇಲಿನಿಂದ ಬರುವ ಅಮೋನಿಯವನ್ನು ತಿನ್ನುವ ಸೂಕ್ಷ್ಮಜೀವಿಗಳು ಸ್ಪಂಜಿನ ಫಿಲ್ಟರಿನಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ಸ್ಪಂಜನ್ನು ತೊಟ್ಟಿಯ ನೀರಲ್ಲೇ ಹಿಂಡಿ ತೊಳೆಯಿರಿ. ವಾರಕ್ಕೊಮ್ಮೆ ಕಾಲು ಭಾಗ, ಅಂದರೆ ಒಂದು ಬಾಲ್ದಿ ನೀರು ಬದಲಿಸಿದರೆ ಸಾಕು. ತೆಗೆದ ನೀರು ಮೆಣಸಿನ ಗಿಡದ ತೊಟ್ಟೆಗಳಿಗೆ ಒಳ್ಳೆಯ ಗೊಬ್ಬರ. ನಳ್ಳಿ ನೀರಾದರೆ ಬ್ಲೀಚಿಂಗಿನ ವಾಸನೆ ಹೋಗಲು ಒಂದು ದಿನ ತೆರೆದಿಡಿ. ಮಳೆಗಾಲದಲ್ಲಿ ಕರೆಂಟು ಹೋದರೆ ತಿನ್ನಲು ಹಾಕಬೇಡಿ. ಮೀನು ಕಮ್ಮಿ ಇದ್ದಷ್ಟೂ ಕರೆಂಟಿಲ್ಲದೆ ಹೆಚ್ಚು ಹೊತ್ತು ತಡೆಯುತ್ತವೆ. ಹೀಟರ್ ನಮ್ಮ ಸೆಕೆಗೆ ಬೇಡ.

ಅಡಿಕೆ ತೋಟದವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ 100 ಲೀಟರಿಗೆ 1 ಕಿಲೋ ಮೈಲುತುತ್ತು ಹಾಕಿ ಬೋರ್ಡೋ ಮಾಡುತ್ತೇವಲ್ಲ, ಆ ತಾಮ್ರ ಮೀನಿಗೆ ವಿಷ. ಮೆದು ನೀರಲ್ಲಿ ಇನ್ನೂ ಜಾಸ್ತಿ. ಮದ್ದಿನ ಬಾಲ್ದಿ, ಪೈಪು ಎಷ್ಟು ತೊಳೆದರೂ ತೊಟ್ಟಿಗೆ ತಾಗಿಸಬೇಡಿ.

ಹೊಳೆಯ ನೆಂಟ

ಭಾರತದ ಸ್ವಂತ ಸಿಕ್ಲಿಡ್ ಮೂರೇ ಮೂರು. ಕರಿಮೀನು, ಆರೆಂಜ್ ಕ್ರೋಮೈಡ್ ಬಿಟ್ಟರೆ ಮೂರನೆಯದು ನಮ್ಮದೇ: ಕೆನರಾ ಪರ್ಲ್‌ಸ್ಪಾಟ್. 1877ರಲ್ಲಿ ಫ್ರಾನ್ಸಿಸ್ ಡೇ ಎಂಬವರು ದಕ್ಷಿಣ ಕನ್ನಡದ ಮೀನು ನೋಡಿ, ಜಿಲ್ಲೆಯ ಹೆಸರನ್ನೇ ಸೇರಿಸಿ ಲೋಕಕ್ಕೆ ತಿಳಿಸಿದರು. ನೇತ್ರಾವತಿ, ಕುಮಾರಧಾರಾ ಅದರ ಮನೆ. ನಾಲ್ಕೂವರೆ ಇಂಚಿನಷ್ಟು ಬೆಳೆಯುತ್ತದೆ. ಮೇಲಿನಿಂದ ಕೆಳಗೆ ಕಪ್ಪು ಪಟ್ಟೆ, ಮುತ್ತಿನಂಥ ಚುಕ್ಕಿ. ಹೊರದೇಶಗಳ ಅಕ್ವೇರಿಯಂಗಳಿಗೂ ಹೋಗುತ್ತದೆ.

ನಮ್ಮದೇ ಮೀನು, ಹಿಡಿದು ತರುವ ಅಂತ ಯಾರಿಗಾದರೂ ಅನಿಸೀತು. ಎರಡಡಿ ತೊಟ್ಟಿ ಅದಕ್ಕೆ ಸಾಲದು, ತಮ್ಮತಮ್ಮಲ್ಲೇ ಕಚ್ಚಾಡುತ್ತವೆ. ಇಷ್ಟು ಸಣ್ಣ ಸೀಮೆಯ ಮೀನು ಇಲ್ಲಿ ಹೋದರೆ ಬೇರೆ ಕಡೆಯಿಂದ ತರಲಿಕ್ಕೂ ಇಲ್ಲ. ಸುಬ್ರಹ್ಮಣ್ಯ, ತೊಡಿಕಾನದಲ್ಲಿ ದೇವರ ಮೀನು ಅಂತ ದೊಡ್ಡ ಮೀನುಗಳನ್ನು ಮುಟ್ಟುವುದಿಲ್ಲ. ಈ ಸಣ್ಣದಕ್ಕೆ ಅಂಥ ಕಾವಲು ಎಲ್ಲಾ ಕಡೆ ಇಲ್ಲ. ಬೇಸಿಗೆಯಲ್ಲಿ ಹೊಳೆ ಬತ್ತಿ ಕಯಗಳಲ್ಲಿ ಮಾತ್ರ ನೀರಿರುವಾಗ ಒಂದು ಡಬ್ಬ ವಿಷ ಹಾಕಿದರೆ ಮರಿ ಸಮೇತ ಮುಗಿಯಿತು.

ಹಾಗೆಯೇ ತೊಟ್ಟಿಯಲ್ಲಿ ಹೆಚ್ಚಾದ ಮೀನನ್ನು ಪಾಪ ಅಂತ ತೋಡಿಗೆ ಬಿಡಬೇಡಿ. ಪರದೇಶದ ಮೀನು ಹೊಳೆ ಸೇರಿದರೆ ಏನಾಗುತ್ತದೆ ಅಂತ ತಿಲಾಪಿಯ ಆಗಲೇ ಕಲಿಸಿದೆ. ನನ್ನ ಮರಿಗಳನ್ನು ತೊಟ್ಟಿ ಇರುವ ನೆರೆಯವರಿಗೆ ಕೊಟ್ಟೆ. ಬೇಕಾದವರು ಮೊದಲು ತೊಟ್ಟಿ ತೊಳೆದು ನೀರು ಹದ ಮಾಡಿಕೊಂಡು ಬನ್ನಿ, ಮರಿ ಕೊಡುವ.