ಗೋಧಿಯ ಬಿಯರಿನಲ್ಲಿ ಬಾಳೆಯ ಕಂಪು

ಕಳಲೆಯ ಕಡೆಯವರಿಗೆ ಬಾಳೆಹಣ್ಣಿನ ಪರಿಮಳವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ನಂಜನಗೂಡಿನ ರಸಬಾಳೆ ಒಳಮನೆಯಲ್ಲಿದ್ದರೆ ಪಡಸಾಲೆಗೇ ತಿಳಿಯುವುದು. ಅಂಥ ಮೂಗುಳ್ಳವರು ಜರ್ಮನಿಯ ಗೋಧಿ ಬಿಯರನ್ನು ಮೂಸಿದರೆ, ಹಣ್ಣು ಹಿಂಡಿರುವರೆಂದೇ ಎಣಿಸುವರು. ಹಿಂಡಿರುವುದಿಲ್ಲ. ಧಾನ್ಯದಲ್ಲಿ ಅರ್ಧಕ್ಕೆ ಕಡಮೆಯಿಲ್ಲದಂತೆ ಮೊಳಕೆಯ ಗೋಧಿ ಸೇರುವ ಆ ಪಾನದಲ್ಲಿ, ಯೀಸ್ಟೆಂಬ ಹುದುಗೇ ಐಸೊಅಮೈಲ್ ಅಸಿಟೇಟ್ ಎಂಬ ದ್ರವ್ಯವನ್ನು ಹುಟ್ಟಿಸುತ್ತದೆ; ಮಾಗಿದ ಬಾಳೆಯಲ್ಲಿರುವುದೂ ಅದೇ. ಜೊತೆಗೆ ಲವಂಗದ ಛಾಯೆಯೂ ಉಂಟು.

ಇನ್ನು, ನಿಜವಾಗಿಯೂ ಹಣ್ಣು ಬೆರೆಸಿದ ಬಗೆ. ಪರೀಕ್ಷಿಸುವವರು ತೀರ ತಣ್ಣಗಿರುವಾಗ ಮೂಸಬಾರದು, ಕಂಪು ಅಡಗಿರುತ್ತದೆ. ಹಣ್ಣಿನ ಸಕ್ಕರೆಯನ್ನು ಹುದುಗು ತಿಂದುಬಿಡುವುದರಿಂದ, ಹಣ್ಣಿನೊಡನೆಯೇ ಹುದುಗಿದ ಬಿಯರಿನಲ್ಲಿ ಸಿಹಿ ಹಿಂದು, ಹುಳಿ ತುಸು ಮುಂದು. ಮೂಗಿಗೆ ಹಣ್ಣೆಲ್ಲ ಬಂದು ನಾಲಗೆಗೆ ಬರಿಯ ಸಕ್ಕರೆಯ ಪಾನಕ ಸಿಕ್ಕಿದರೆ, ಸುಗಂಧದ ಸಾರ ಬೆರೆಸಿರುವರೆಂದು ನಾವು ಸಂಶಯಿಸುವೆವು. ಅದಕ್ಕೆ ಹೆಚ್ಚು ಅಂಕ ಕೊಡಲಾರೆವು. (ಮದ್ಯ ಮುಟ್ಟದ ವಾಚಕರು ಈ ಪರೀಕ್ಷೆಯನ್ನು ಅಂಗಡಿಯ ಷರಬತ್ತಿನ ಮೇಲೆಯೇ ನಡೆಸಬಹುದು.)

ಕಂಪನ್ನು ಹೀಗೆ ಪೀಪಾಯಿಯಲ್ಲಿ ಹುಟ್ಟಿಸಬಹುದು. ರಸಬಾಳೆಯೋ, ಪನಾಮಾ ಸೊರಗು ರೋಗಕ್ಕೆ ಸಿಕ್ಕಿ ನಂಜನಗೂಡಿನ ತೋಟಗಳಲ್ಲೇ ವಿರಳವಾಗಿದೆ. ರೋಗದ ಶಿಲೀಂಧ್ರವು ಮಣ್ಣಿನಲ್ಲಿ ಎಷ್ಟೋ ವರ್ಷ ಉಳಿಯುವುದರಿಂದ, ಅದೇ ನೆಲದಲ್ಲಿ ಮತ್ತೆ ಕಂದು ನೆಡಲು ರೈತರು ಹೆದರುವರು.